ಇಂಗ್ಲಿಷ್ ಪದಗಳ ಉಚ್ಚಾರಾಂಶ ರಚನೆ: ಕನ್ನಡ ಮಾತನಾಡುವವರಿಗೆ ಹಂತಹಂತದ ಮಾರ್ಗದರ್ಶಿ

ಇಂಗ್ಲಿಷ್ ಉಚ್ಚಾರಣೆಯನ್ನು ತಿದ್ದಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಬಿಡಿ ಧ್ವನಿಗಳಿಂದ ಆರಂಭಿಸುತ್ತಾರೆ. ‘ಥಿಂಕ್’ ಎನ್ನುವಾಗ ನಾಲಗೆ ಎಲ್ಲಿರಬೇಕು, ವಿ ಮತ್ತು ಡಬ್ಲ್ಯು ಅಕ್ಷರಗಳಿಗೆ ತುಟಿ ಹೇಗಿರಬೇಕು ಎಂಬ ಪ್ರಶ್ನೆಗಳಿಗೇ ತಿಂಗಳುಗಳು ಕಳೆಯುತ್ತವೆ. ಇವೆಲ್ಲ ಬೇಕಾದ ವಿಷಯಗಳೇ. ಆದರೆ ಕೇಳುವವರು ‘ಏನೆಂದಿರಿ?’ ಎಂದು ಮರಳಿ ಕೇಳುವ ಸಂದರ್ಭಗಳನ್ನು ಗಮನಿಸಿದರೆ, ತೊಡಕು ಬಹುಪಾಲು ಪದದ ಆಕಾರದಲ್ಲಿ ಕಾಣಿಸುತ್ತದೆ. ಒಂದೇ ಉಸಿರಿನ ಪದ ಎರಡು ತುಂಡಾಗಿರುತ್ತದೆ, ಇಲ್ಲದ ಸ್ವರವೊಂದು ಕೊನೆಗೆ ಅಂಟಿಕೊಂಡಿರುತ್ತದೆ, ಒತ್ತು ಬೀಳಬೇಕಾದ ಜಾಗ ತಪ್ಪಿರುತ್ತದೆ. ಹೀಗಾಗಿ ಈ ಮಾರ್ಗದರ್ಶಿಯು ಸಿಲಬಲ್, ಅಂದರೆ ಉಚ್ಚಾರಾಂಶದಿಂದ ಆರಂಭಿಸುತ್ತದೆ. ಲಂಡನ್ನಿನವರಂತೆಯೋ ಅಮೆರಿಕದವರಂತೆಯೋ ಮಾತನಾಡುವುದು ಇಲ್ಲಿಯ ಗುರಿಯಲ್ಲ. ಕನ್ನಡದ ಛಾಯೆ ಉಳಿದರೂ ಯಾವ ಊರಿನವರಿಗೂ ಮೊದಲ ಸಲಕ್ಕೇ ಅರ್ಥವಾಗುವಂತೆ ಮಾತನಾಡುವುದು ಗುರಿ.

ಹಂತ 1: ಅಕ್ಷರಗಳನ್ನು ಬಿಟ್ಟು ಉಚ್ಚಾರಾಂಶಗಳನ್ನು ಎಣಿಸಿ

ಕನ್ನಡ ಲಿಪಿಯಲ್ಲಿ ಓದಲು ಕಲಿತವರಿಗೆ ಬರೆದ ಅಕ್ಷರವೇ ಉಚ್ಚಾರದ ಘಟಕವೆಂದು ತೋರುವುದು ಸಹಜ. ‘ಕನ್ನಡ’ ಎಂಬ ಪದವನ್ನು ಕ, ನ್ನ, ಡ ಎಂದು ಬರೆಯುತ್ತೇವಾದರೂ ನಾಲಗೆ ಅದನ್ನು ಕನ್, ನ, ಡ ಎಂದೇ ಒಡೆಯುತ್ತದೆ. ಛಂದಸ್ಸು ಓದಿದವರಿಗೆ ಇದು ಹೊಸತಲ್ಲ, ಏಕೆಂದರೆ ಸಂಯುಕ್ತಾಕ್ಷರದ ಹಿಂದಿನ ಅಕ್ಷರ ಗುರುವಾಗುವುದು ಇದೇ ಕಾರಣಕ್ಕೆ: ಮುಂದಿನ ಜೋಡಿಯ ಮೊದಲ ವ್ಯಂಜನ ಹಿಂದಿನ ಉಚ್ಚಾರಾಂಶಕ್ಕೆ ಸೇರಿ ಅದನ್ನು ಮುಚ್ಚುತ್ತದೆ. ಶಾಲೆಯಲ್ಲಿ ಪ್ರಸ್ತಾರ ಹಾಕಿ ಲಘು ಗುರು ಗುರುತಿಸಿದ ಅಭ್ಯಾಸ ಇಂಗ್ಲಿಷಿಗೂ ಉಪಯೋಗಕ್ಕೆ ಬರುತ್ತದೆ.

ಇಂಗ್ಲಿಷಿನಲ್ಲಿ ಕಾಗುಣಿತವನ್ನು ನೆಚ್ಚಿಕೊಂಡು ಎಣಿಸಲು ಬರುವುದಿಲ್ಲ. ‘ಸ್ಟ್ರೆಂಗ್ತ್ಸ್’ ಪದವನ್ನು ಬರೆಯಲು ಒಂಬತ್ತು ಇಂಗ್ಲಿಷ್ ಅಕ್ಷರಗಳು ಬೇಕು, ಆದರೆ ಅದು ಒಂದೇ ಉಚ್ಚಾರಾಂಶ. ‘ಐಡಿಯಾ’ಕ್ಕೆ ನಾಲ್ಕು ಅಕ್ಷರ ಸಾಕು, ಅದರಲ್ಲಿ ಮೂರು ಉಚ್ಚಾರಾಂಶಗಳಿವೆ. ಕೇಳಿಸುವ ಸ್ವರ ಎಷ್ಟೋ ಉಚ್ಚಾರಾಂಶ ಅಷ್ಟು ಎಂಬುದೇ ನಿಯಮ. ಗದ್ದದ ಕೆಳಗೆ ಅಂಗೈಯನ್ನು ಹಿಡಿದು ಪದವನ್ನು ನಿಧಾನವಾಗಿ ಹೇಳಿದರೆ ಪ್ರತಿ ಸ್ವರಕ್ಕೂ ಗದ್ದ ತುಸು ಕೆಳಗಿಳಿಯುವುದು ತಿಳಿಯುತ್ತದೆ. ಇಕಾರದಂತಹ ಸ್ವರಕ್ಕೆ ಅದು ಅಷ್ಟಾಗಿ ಇಳಿಯದ ಕಾರಣ ಸಂದೇಹವಿದ್ದಾಗ ಚಪ್ಪಾಳೆ ತಟ್ಟಿ ಎಣಿಸುವುದು ಮೇಲು.

ಈ ಎಣಿಕೆಯನ್ನು ದಿನಬಳಕೆಯ ಪದಗಳ ಮೇಲೆಯೇ ಮಾಡಿನೋಡಿ. ‘ಕಂಫರ್ಟಬಲ್’ ಎಂದು ನಾಲ್ಕಾಗಿ ಹೇಳುವ ಪದವನ್ನು ಇಂಗ್ಲಿಷ್ ಮನೆಮಾತಿನವರು ಸಾಮಾನ್ಯವಾಗಿ ಕಂಫ್-ಟ-ಬಲ್ ಎಂದು ಮೂರರಲ್ಲಿ ಮುಗಿಸುತ್ತಾರೆ. ‘ವೆಜಿಟೇಬಲ್’ ವೆಜ್-ಟ-ಬಲ್ ಆಗುತ್ತದೆ, ‘ಬಿಸಿನೆಸ್’ ಬಿಜ್-ನೆಸ್ ಆಗುತ್ತದೆ, ‘ಚಾಕೊಲೇಟ್’ ಚಾಕ್-ಲೆಟ್ ಆಗುತ್ತದೆ. ಕನ್ನಡದಲ್ಲಿ ಬರೆಯುವ ರೂಪ ಕನ್ನಡಕ್ಕೆ ಸರಿಯಾಗಿಯೇ ಇದೆ. ಇಂಗ್ಲಿಷ್ ಮಾತನಾಡುವಾಗ ಮಾತ್ರ ಅದನ್ನು ಕಣ್ಣ ಮುಂದೆ ತಂದುಕೊಳ್ಳಬಾರದು.

ಪದವನ್ನು ಎಲ್ಲಿ ತುಂಡರಿಸಬೇಕೆಂಬ ವಿಚಾರಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಭಾಷಾವಿಜ್ಞಾನಿಗಳೇ ಆ ಬಗ್ಗೆ ಒಮ್ಮತದಲ್ಲಿಲ್ಲ, ಮತ್ತು ಹಲವು ನಿಘಂಟುಗಳಲ್ಲಿ ಪದದ ನಡುವೆ ಕಾಣುವ ಚುಕ್ಕೆಗಳು ಸಾಲಿನ ಕೊನೆಯಲ್ಲಿ ಪದವನ್ನು ಮುರಿದು ಬರೆಯುವುದಕ್ಕಾಗಿ ಇರುವಂಥವು, ಉಚ್ಚಾರಕ್ಕಾಗಿ ಅಲ್ಲ. ಸಂಖ್ಯೆ ಸರಿಯಿದ್ದರೆ ಸಾಕು.

ಹಂತ 2: ಎರಡು ಭಾಷೆಗಳ ಉಚ್ಚಾರಾಂಶದ ಅಳತೆಯನ್ನು ತಿಳಿಯಿರಿ

ಉಚ್ಚಾರಾಂಶದ ನಡುವಿನಲ್ಲಿ ಸ್ವರವಿರುತ್ತದೆ. ಅದರ ಮುಂಚೆ ಮತ್ತು ಅನಂತರ ವ್ಯಂಜನಗಳು ಇರಬಹುದು, ಇಲ್ಲದಿರಬಹುದು. ಇಂಗ್ಲಿಷಿನಲ್ಲಿ ಸ್ವರದ ಮುಂಚೆ ಮೂರರವರೆಗೆ, ಅನಂತರ ನಾಲ್ಕರವರೆಗೆ ವ್ಯಂಜನಗಳು ಸಾಲಾಗಿ ಬರಬಹುದು. ‘ಸ್ಪ್ರಿಂಗ್’ ಪದದ ಆರಂಭದಲ್ಲಿ ಮೂರಿವೆ. ‘ಟೆಕ್ಸ್ಟ್ಸ್’ ಪದದ ಕೊನೆಯಲ್ಲಿ ನಾಲ್ಕಿವೆ. ಇಂದಿನ ಕನ್ನಡದಲ್ಲಿ ಪದದ ನಡುವೆ ವ್ಯಂಜನಗಳು ಜೊತೆಗೂಡಿದರೂ ಪದದ ಕೊನೆ ಬಹುತೇಕ ಸ್ವರವೇ ಆಗಿರುತ್ತದೆ, ಮತ್ತು ಅಚ್ಚಗನ್ನಡ ಪದಗಳ ಆರಂಭದಲ್ಲಿ ಸಾಮಾನ್ಯವಾಗಿ ಒಂದೇ ವ್ಯಂಜನವಿರುತ್ತದೆ. ಹೀಗಾಗಿ ಕನ್ನಡಿಗರ ಇಂಗ್ಲಿಷಿನ ತೊಡಕುಗಳು ಪದದ ಎರಡು ತುದಿಗಳಲ್ಲಿ ಸೇರಿಕೊಂಡಿರುತ್ತವೆ.

ವ್ಯಂಜನಗಳ ಸಾಲಿಗೂ ಒಂದು ಕ್ರಮವಿದೆ. ಕ, ಟ, ಪ ಮೊದಲಾದ, ಅನುನಾಸಿಕವಲ್ಲದ ವರ್ಗೀಯ ವ್ಯಂಜನಗಳಲ್ಲಿ ನಾದ, ಅಂದರೆ ಧ್ವನಿ ತುಂಬಿ ಕೇಳಿಸುವ ಗುಣ, ಅತ್ಯಂತ ಕಡಿಮೆ. ಸ, ಶ, ಫ ಧ್ವನಿಗಳಲ್ಲಿ ತುಸು ಹೆಚ್ಚು. ನ, ಮ ಅನುನಾಸಿಕಗಳಲ್ಲಿ ಇನ್ನೂ ಹೆಚ್ಚು. ಯ, ರ, ಲ, ವ ಸ್ವರಕ್ಕೆ ತೀರ ಸಮೀಪ. ಉಚ್ಚಾರಾಂಶದೊಳಗೆ ನಾದವು ಸ್ವರದತ್ತ ಏರಬೇಕು, ಸ್ವರದ ಬಳಿಕ ಇಳಿಯಬೇಕು. ಆದ್ದರಿಂದಲೇ ‘ಪ್ಲೇ’ ಎಂದು ಆರಂಭವಾಗುವ ಪದವಿದೆ, ‘ಹೆಲ್ಪ್’ ಎಂದು ಮುಗಿಯುವ ಪದವಿದೆ, ಆದರೆ ಲ್ಪ ಎಂದು ಆರಂಭವಾಗುವ ಇಂಗ್ಲಿಷ್ ಪದವಿಲ್ಲ. ಈ ಕ್ರಮವನ್ನು ಮುರಿಯುವ ಧ್ವನಿ ಮುಖ್ಯವಾಗಿ ಸಕಾರವೊಂದೇ: ‘ಸ್ಕೂಲ್’, ‘ಸ್ಟಾಪ್’, ‘ಸ್ಪೀಡ್’ ಪದಗಳಲ್ಲಿ ನಾದ ಹೆಚ್ಚಿರುವ ಸಕಾರ ಹೊರಗೆ, ನಾದ ಕಡಿಮೆಯಿರುವ ವರ್ಗೀಯ ವ್ಯಂಜನ ಒಳಗೆ ನಿಂತಿದೆ. ಮೂರು ವ್ಯಂಜನಗಳ ಆರಂಭವೆಲ್ಲ ಇದೇ ಸೂತ್ರದ್ದು: ಮೊದಲು ಸ, ನಡುವೆ ಪ, ಟ, ಕಗಳಲ್ಲೊಂದು, ಕೊನೆಗೆ ಯ, ರ, ಲ, ವಗಳಲ್ಲೊಂದು. ಸ್ಪ್ಲಾಶ್, ಸ್ಟ್ರೀಟ್, ಸ್ಕ್ರೀನ್, ಸ್ಕ್ವೇರ್ ಪದಗಳನ್ನು ಇದಕ್ಕೆ ಒರೆಹಚ್ಚಿ ನೋಡಬಹುದು.

‘ಸೈಕಾಲಜಿ’ ಪದದ ಮೊದಲಿಗೆ ಪಿ, ‘ನೈಫ್’ ಪದದ ಮೊದಲಿಗೆ ಕೆ ಬರೆದೂ ಉಚ್ಚರಿಸದಿರುವುದಕ್ಕೆ ಕಾರಣವೂ ಇಲ್ಲಿಯೇ ಇದೆ. ನಾದದ ಏರಿಕೆ ಸರಿಯಿದ್ದರೂ ಆ ಜೋಡಣೆಗಳು ಇಂದಿನ ಇಂಗ್ಲಿಷ್ ಉಚ್ಚಾರಾಂಶದ ಆರಂಭದಲ್ಲಿ ನಿಲ್ಲುವುದಿಲ್ಲ. ‘ನೈಫ್’ನ ಕಕಾರವನ್ನು ಹಿಂದೆ ಉಚ್ಚರಿಸುತ್ತಿದ್ದರು, ಧ್ವನಿ ಹೋಯಿತು, ಕಾಗುಣಿತ ಉಳಿಯಿತು.

ಹಂತ 3: ಕೊನೆಯ ಉಕಾರವನ್ನು ಬಿಡಿಸಿ

ಅತ್ಯಂತ ಹೆಚ್ಚು ಸಮಯವನ್ನು ಕೊಡಬೇಕಾದ ಹಂತ ಇದು. ಬಸ್ಸು, ಪೆನ್ನು, ಕಾರು, ರೋಡು ಎಂಬ ರೂಪಗಳನ್ನು ನೋಡಿ. ಹ್ರಸ್ವ ಸ್ವರದ ಬಳಿಕ ವ್ಯಂಜನ ಇಮ್ಮಡಿಯಾಗಿ ಉಕಾರ ಸೇರಿದೆ. ದೀರ್ಘ ಸ್ವರದ ಬಳಿಕ ಬರಿಯ ಉಕಾರ ಸೇರಿದೆ. ಇದು ಇಂಗ್ಲಿಷ್ ಬಾರದವರು ಮಾಡಿದ ಅಪಭ್ರಂಶವೆಂದು ಕೆಲವರು ಮೂಗು ಮುರಿಯುತ್ತಾರೆ. ಆದರೆ ಪಂಪನ ಕಾಲದ ಹಳಗನ್ನಡದಲ್ಲಿ ಕಣ್, ಕಲ್, ಮಣ್, ಕಾಲ್, ನೀರ್ ಎಂದು ವ್ಯಂಜನದಲ್ಲಿ ಮುಗಿಯುತ್ತಿದ್ದ ಪದಗಳು ಹೊಸಗನ್ನಡಕ್ಕೆ ಬರುವಾಗ ಪಡೆದ ರೂಪಗಳೇನು? ಕಣ್ಣು, ಕಲ್ಲು, ಮಣ್ಣು, ಕಾಲು, ನೀರು. ‘ಕಣ್’ ಹೇಗೆ ‘ಕಣ್ಣು’ ಆಯಿತೋ ಹಾಗೆಯೇ ‘ಪೆನ್’ ‘ಪೆನ್ನು’ ಆಗಿದೆ; ‘ಕಾಲ್’ ಹೇಗೆ ‘ಕಾಲು’ ಆಯಿತೋ ಹಾಗೆಯೇ ‘ಕಾರ್’ ‘ಕಾರು’ ಆಗಿದೆ. ಕನ್ನಡವು ತನ್ನ ಪದಗಳಿಗೆ ಅನ್ವಯಿಸಿದ ನಿಯಮವನ್ನೇ ಬಂದ ಪದಗಳಿಗೂ ಅನ್ವಯಿಸಿದೆ. ಕನ್ನಡ ಮಾತನಾಡುವಾಗ ‘ಬಸ್ಸು ಬಂತು’ ಎನ್ನಲು ಯಾರೂ ಅಳುಕಬೇಕಾಗಿಲ್ಲ. ಇಂಗ್ಲಿಷಿಗೆ ಹೊರಳಿದಾಗ ಈ ನಿಯಮವನ್ನು ನಿಲ್ಲಿಸಲು ಕಲಿತರಾಯಿತು.

ನಿಲ್ಲಿಸುವ ಶಕ್ತಿ ಕನ್ನಡದ ಬಾಯಿಗೆ ಈಗಾಗಲೇ ಇದೆ. ‘ಮಾಡುತ್ತಾನೆ’ ಎಂದು ಬರೆಯುವುದನ್ನು ನಾವು ಮಾತಿನಲ್ಲಿ ‘ಮಾಡ್ತಾನೆ’ ಎನ್ನುತ್ತೇವೆ, ‘ಹೋಗುತ್ತೇನೆ’ ಎಂಬುದು ‘ಹೋಗ್ತೀನಿ’ ಆಗುತ್ತದೆ. ಆ ಮಾಡ್, ಹೋಗ್, ಬರ್, ಕೇಳ್ ಎಂಬ ಭಾಗಗಳು ವ್ಯಂಜನದಿಂದ ಮುಚ್ಚಿದ ಉಚ್ಚಾರಾಂಶಗಳೇ. ಅಭ್ಯಾಸ ಹೀಗಿರಲಿ: ‘ಹೋಗ್ತೀನಿ’ ಎಂದು ಸಹಜವಾಗಿ ಹೇಳಿ, ಎರಡನೆಯ ಸಲ ‘ಹೋಗ್’ ಎಂಬಲ್ಲಿಯೇ ತಡೆದು, ನಾಲಗೆಯನ್ನು ಕದಲಿಸದೆ ಹಾಗೆಯೇ ಹಿಡಿದಿಡಿ, ಆಮೇಲೆ ಅದೇ ತಡೆಯನ್ನು ಇಟ್ಟುಕೊಂಡು ‘ಬ್ಯಾಗ್’ ಎನ್ನಿ. ‘ಮಾಡ್ತಾನೆ’ಯಿಂದ ‘ರೋಡ್’ಗೆ, ‘ಬರ್ತಾರೆ’ಯಿಂದ ‘ಕಾರ್’ಗೆ ಹೀಗೆಯೇ ದಾಟಬಹುದು. ಪ, ಬ, ಮಗಳಲ್ಲಿ ಮುಗಿಯುವ ಪದಗಳಿಗೆ ಕನ್ನಡಿಯೇ ಸಾಕ್ಷಿ: ‘ಕಪ್’ ಎಂದ ಬಳಿಕ ತುಟಿ ಮುಚ್ಚಿಯೇ ಇದ್ದರೆ ಉಕಾರ ಹೊರಬರುವ ದಾರಿಯೇ ಇರುವುದಿಲ್ಲ.

ಉಕಾರ ಹೋದ ಮೇಲೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಕೊನೆಯ ವ್ಯಂಜನ ಅಷ್ಟು ಮೆಲುವಾದರೆ ‘ಕ್ಯಾಪ್’ ಯಾವುದು, ‘ಕ್ಯಾಬ್’ ಯಾವುದು ಎಂದು ಕೇಳುವವರಿಗೆ ತಿಳಿಯುವುದು ಹೇಗೆ? ಹಿಂದಿನ ಸ್ವರದ ಉದ್ದದಿಂದ. ಘೋಷ ವ್ಯಂಜನದ, ಅಂದರೆ ಗಂಟಲು ಕಂಪಿಸುವ ಗ, ಡ, ಬಗಳಂಥದರ ಮುಂಚಿನ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ, ಕಂಪನವಿಲ್ಲದ ಕ, ಟ, ಪಗಳಂತಹ ಅಘೋಷದ ಮುಂಚಿನದು ಬೇಗ ಕತ್ತರಿಸಿದಂತಾಗುತ್ತದೆ. ‘ಬ್ಯಾಕ್’ ಗಿಡ್ಡ, ‘ಬ್ಯಾಗ್’ ಉದ್ದ; ‘ಸೀಟ್’ ಗಿಡ್ಡ, ‘ಸೀಡ್’ ಉದ್ದ. ಕೊನೆಯ ವ್ಯಂಜನವನ್ನು ಜೋರಾಗಿ ಒದರುವ ಬದಲು ಸ್ವರವನ್ನು ಎಳೆಯುವುದನ್ನು ರೂಢಿಸಿಕೊಳ್ಳಿ.

ಇಮ್ಮಡಿಯ ವಿಷಯವೂ ಇಲ್ಲಿಗೇ ಸೇರುತ್ತದೆ. ‘ಸಮ್ಮರ್’, ‘ಡಿನ್ನರ್’, ‘ಲಿಟ್ಟಲ್’ ಎಂದು ನಾವು ದ್ವಿತ್ವವನ್ನು ಪೂರ್ಣವಾಗಿ ಉಚ್ಚರಿಸುತ್ತೇವೆ, ಏಕೆಂದರೆ ಕಾಗುಣಿತದಲ್ಲಿ ಅಕ್ಷರ ಎರಡಿವೆ. ಇಂಗ್ಲಿಷಿನಲ್ಲಿ ಸರಳ ಪದದೊಳಗೆ ವ್ಯಂಜನ ಇಮ್ಮಡಿಸುವುದಿಲ್ಲ. ಅಲ್ಲಿ ಎರಡು ಅಕ್ಷರ ಬರೆಯುವುದು ಬಹುಮಟ್ಟಿಗೆ ಹಿಂದಿನ ಸ್ವರ ಹ್ರಸ್ವವೆಂದು ತಿಳಿಸಲು: ಎರಡು ಎನ್ ಬರೆದರೆ ‘ಡಿನರ್’, ಒಂದೇ ಬರೆದರೆ ‘ಡೈನರ್’. ನಕಾರ ಎರಡರಲ್ಲೂ ಒಂದೇ.

ಹಂತ 4: ಆರಂಭದ ವ್ಯಂಜನ ಗುಚ್ಛಗಳನ್ನು ಒಡೆಯದೆ ಹೇಳಿ

ಹಳ್ಳಿಗಳಲ್ಲಿ ಇಂದಿಗೂ ಕೇಳಬಹುದಾದ ‘ಇಸ್ಕೂಲು’ ಮತ್ತು ‘ಗಿಲಾಸು’ ಎಂಬ ಎರಡು ರೂಪಗಳಲ್ಲಿ ಸ್ವರ ಸೇರಿದ ಜಾಗ ಬೇರೆಬೇರೆ. ಸಕಾರ ಕ್ರಮ ಮುರಿದು ಹೊರಗೆ ನಿಂತ ಕಡೆ ಸ್ವರವು ಅದರ ಮುಂಚೆ ಬಂದು ಆಸರೆ ಕೊಟ್ಟಿದೆ. ನಾದ ಕ್ರಮವಾಗಿ ಏರುವ ಗ್ಲ ಜೋಡಣೆಯಲ್ಲಿ ಸ್ವರ ನಡುವೆ ನುಸುಳಿದೆ. ಪರಿಹಾರವೂ ಎರಡು ಬಗೆಯದು.

ಸಕಾರದ ಗುಚ್ಛಗಳಿಗೆ, ಸಕಾರವನ್ನು ಮೊದಲು ಬೇರೆಯಾಗಿ ಉದ್ದಕ್ಕೆ ಎಳೆಯಿರಿ: ಸ್ಸ್ಸ್-ಕೂಲ್, ಸ್ಸ್ಸ್-ಟೇಶನ್. ಗಂಟಲಿನ ಮೇಲೆ ಬೆರಳಿಟ್ಟರೆ ಸಕಾರ ನಡೆಯುವಷ್ಟು ಹೊತ್ತೂ ಕಂಪನ ಇರಬಾರದು. ಕಂಪನ ಬಂದರೆ ಇಕಾರ ನುಸುಳಿತೆಂದು ಅರ್ಥ. ಬಳಿಕ ಎಳೆತವನ್ನು ಕ್ರಮೇಣ ಕುಗ್ಗಿಸಬೇಕು. ಪ್ಲ, ಬ್ಲ, ಟ್ರ, ಡ್ರ ಗುಚ್ಛಗಳಿಗೆ ಎರಡನೆಯ ವ್ಯಂಜನದ ಸ್ಥಾನವನ್ನು ಮೊದಲೇ ಸಿದ್ಧಮಾಡಿಕೊಳ್ಳಬೇಕು. ‘ಬ್ಲೇಡ್’ ಎನ್ನುವ ಮುಂಚೆ ನಾಲಗೆಯ ತುದಿ ಲಕಾರದ ಜಾಗದಲ್ಲಿರಲಿ, ತುಟಿ ಬಕಾರಕ್ಕೆ ಮುಚ್ಚಿರಲಿ. ತುಟಿ ತೆರೆದ ಕ್ಷಣದಲ್ಲಿ ಲಕಾರ ತಾನಾಗಿ ಕೇಳಿಸುತ್ತದೆ, ನಡುವೆ ಸ್ವರಕ್ಕೆ ಜಾಗವೇ ಸಿಗುವುದಿಲ್ಲ.

ಇದಕ್ಕೆ ಇಷ್ಟೊಂದು ಶ್ರಮ ಏಕೆಂದರೆ ನುಸುಳಿದ ಸ್ವರ ಎಷ್ಟೋ ಸಲ ಇನ್ನೊಂದು ಪದವನ್ನೇ ಮಾಡಿಬಿಡುತ್ತದೆ. ಸ್ಪೋರ್ಟ್ ಮತ್ತು ಸಪೋರ್ಟ್, ಬ್ಲೋ ಮತ್ತು ಬಿಲೋ, ಡ್ರೈವ್ ಮತ್ತು ಡಿರೈವ್, ಟ್ರೇನ್ ಮತ್ತು ಟೆರೇನ್, ಪ್ಲೈಟ್ ಮತ್ತು ಪೊಲೈಟ್: ಈ ಜೋಡಿಗಳನ್ನು ಒಂದರ ಬೆನ್ನಿಗೆ ಒಂದರಂತೆ ಹೇಳಿ, ಇನ್ನೊಬ್ಬರು ಯಾವುದೆಂದು ಗುರುತಿಸಬಲ್ಲರೇ ಎಂದು ಪರೀಕ್ಷಿಸಿ.

ಸ್ವರದಿಂದ ಆರಂಭವಾಗುವ ಪದಗಳಲ್ಲಿ ತೊಂದರೆ ತಿರುಗುಮುರುಗಾಗುತ್ತದೆ. ‘ಎಲೆ’ಯನ್ನು ಯೆಲೆ ಎಂದೂ ‘ಒಂದು’ವನ್ನು ವೊಂದು ಎಂದೂ ಉಚ್ಚರಿಸುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ, ಖಾಲಿ ಆರಂಭವನ್ನು ಯಕಾರ, ವಕಾರಗಳು ತುಂಬುತ್ತವೆ. ಅದೇ ಅಭ್ಯಾಸದಿಂದ ‘ಎಗ್’ ಯೆಗ್ ಆಗುತ್ತದೆ, ‘ಓಪನ್’ ವೋಪನ್ ಆಗುತ್ತದೆ, ಫೋನಿನಲ್ಲಿ ಹೆಸರಿನ ಕಾಗುಣಿತ ಹೇಳುವಾಗ ಎಂ, ಎನ್, ಎಲ್ ಅಕ್ಷರಗಳು ಯೆಂ, ಯೆನ್, ಯೆಲ್ ಆಗುತ್ತವೆ. ‘ಈಸ್ಟ್’ ಎನ್ನಲು ಹೋಗಿ ‘ಯೀಸ್ಟ್’ ಎಂದರೆ ಮೂಡಣ ದಿಕ್ಕು ಹೋಗಿ ಹಿಟ್ಟು ಹುದುಗಿಸುವ ವಸ್ತು ಬರುತ್ತದೆ. ‘ಆ’ ಎನ್ನುವಾಗ ಗಂಟಲು ಹೇಗೆ ನೇರವಾಗಿ ತೆರೆಯುತ್ತದೆಂದು ಗಮನಿಸಿ, ಅದೇ ರೀತಿ ‘ಎ’, ‘ಈ’, ‘ಓ’ಗಳನ್ನು ಬಿಡಿಯಾಗಿ ಹೇಳಿ ರೂಢಿ ಮಾಡಿಕೊಂಡು ಪದಗಳಿಗೆ ಬನ್ನಿ.

ಹಂತ 5: ಪದಾಂತ್ಯದ ಎಸ್ ಮತ್ತು ಇಡಿ

ಕೊನೆಯ ಗುಚ್ಛಗಳಲ್ಲಿ ಬಹುಪಾಲು ಬಹುವಚನದ ಎಸ್, ಭೂತಕಾಲದ ಇಡಿ ಸೇರಿದ್ದರಿಂದ ಆದವು. ‘ವಾಕೆಡ್’, ‘ಆಸ್ಕೆಡ್’, ‘ಹೆಲ್ಪೆಡ್’ ಎಂದು ಕಾಗುಣಿತದಂತೆ ಓದಿದರೆ ಇಲ್ಲದ ಉಚ್ಚಾರಾಂಶವೊಂದು ಹುಟ್ಟುತ್ತದೆ. ಇವು ವಾಕ್ಟ್, ಆಸ್ಕ್ಟ್, ಹೆಲ್ಪ್ಟ್. ತಲಾ ಒಂದೇ ಉಚ್ಚಾರಾಂಶ.

ಇಲ್ಲಿ ವರ್ಣಮಾಲೆಯ ಕೋಷ್ಟಕ ಅಪ್ರತಿಮವಾದ ಸಹಾಯ ಮಾಡುತ್ತದೆ. ಕ, ಚ, ಟ, ಪ ಸಾಲುಗಳ ಮೊದಲೆರಡು ವ್ಯಂಜನಗಳು ಅಘೋಷ. ಸ, ಶ, ಫ ಧ್ವನಿಗಳೂ ಅಘೋಷ. ಕ್ರಿಯಾಪದ ಅಘೋಷ ಧ್ವನಿಯಲ್ಲಿ ಮುಗಿದರೆ ಇಡಿ ಎಂಬುದು ಟ್ ಆಗುತ್ತದೆ: ‘ಸ್ಟಾಪ್ಟ್’, ‘ವಾಚ್ಟ್’, ‘ಪಾಸ್ಟ್’. ಘೋಷ ವ್ಯಂಜನ, ಅನುನಾಸಿಕ ಅಥವಾ ಸ್ವರದಲ್ಲಿ ಮುಗಿದರೆ ಡ್ ಆಗುತ್ತದೆ: ‘ಬೆಗ್ಡ್’, ‘ಕ್ಲೀನ್ಡ್’, ‘ಪ್ಲೇಡ್’. ಕ್ರಿಯಾಪದವೇ ಟ್ ಅಥವಾ ಡ್‌ನಲ್ಲಿ ಮುಗಿದರೆ ಮಾತ್ರ ಹೊಸ ಉಚ್ಚಾರಾಂಶ ಬರುತ್ತದೆ: ‘ವಾಂಟಿಡ್’, ‘ನೀಡಿಡ್’. ವಿಶೇಷಣಗಳಾಗಿ ಬರುವ ‘ವಿಕಿಡ್’, ‘ನೇಕಿಡ್’, ‘ಸೇಕ್ರಿಡ್’ ಮುಂತಾದ ಕೆಲವೇ ಪದಗಳು ಅಪವಾದ. ಎಸ್ ಕೂಡ ಇದೇ ದಾರಿಯದು: ‘ಕಪ್ಸ್’ನಲ್ಲಿ ಸಕಾರ, ‘ಬ್ಯಾಗ್ಜ್’ನಲ್ಲಿ ಘೋಷವಾದ ಸಕಾರ, ಸ, ಶ, ಚ, ಜ ಬಗೆಯ ಧ್ವನಿಗಳ ಬಳಿಕ ಮಾತ್ರ ಹೊಸ ಉಚ್ಚಾರಾಂಶ: ‘ಬಸಿಜ್’, ‘ವಾಚಿಜ್’.

ಉದ್ದದ ಗುಚ್ಛಗಳನ್ನು ಹಿಂದಿನಿಂದ ಕಟ್ಟಬೇಡಿ. ಒಳಗಿನಿಂದ ಹೊರಕ್ಕೆ ಕಟ್ಟಿ: ಟೆಕ್, ಟೆಕ್ಸ್, ಟೆಕ್ಸ್ಟ್, ಟೆಕ್ಸ್ಟ್ಸ್. ಅದು ಬಾಯಿಗೆ ಒಗ್ಗದಿದ್ದರೆ ಇಂಗ್ಲಿಷ್ ಮನೆಮಾತಿನವರು ಮಾಡುವುದನ್ನೇ ಮಾಡಬಹುದು. ಅವರೂ ‘ಫ್ಯಾಕ್ಟ್ಸ್’ ಪದವನ್ನು ಫ್ಯಾಕ್ಸ್ ಎಂಬಂತೆ, ‘ನೆಕ್ಸ್ಟ್ ಡೇ’ಯನ್ನು ನೆಕ್ಸ್ ಡೇ ಎಂಬಂತೆ ಸಡಿಲಿಸುತ್ತಾರೆ. ಗಮನಿಸಿ: ಅವರು ಕೈಬಿಡುವುದು ನಡುವಿನ ಟಕಾರವನ್ನು. ಕೊನೆಯ ಸಕಾರವನ್ನು ಉಳಿಸುತ್ತಾರೆ, ಏಕೆಂದರೆ ಬಹುವಚನದ ಅರ್ಥ ಅದರಲ್ಲಿದೆ. ಸ್ವರ ಸೇರಿಸಿ ಸುಲಭ ಮಾಡಿಕೊಳ್ಳುವುದು ನಮ್ಮ ದಾರಿ. ವ್ಯಂಜನ ಬಿಟ್ಟು ಸುಲಭ ಮಾಡಿಕೊಳ್ಳುವುದು ಅವರ ದಾರಿ. ಇಂಗ್ಲಿಷಿನಲ್ಲಿ ಅವರ ದಾರಿಯೇ ಕ್ಷೇಮ.

ಹಂತ 6: ಒತ್ತು ಮತ್ತು ದುರ್ಬಲ ಸ್ವರ

ಪದದ ಅರ್ಥವನ್ನು ಬದಲಿಸುವಂತಹ ಒತ್ತು ಕನ್ನಡದಲ್ಲಿಲ್ಲ. ನಮ್ಮಲ್ಲಿ ಮೊದಲ ಅಕ್ಷರ ತುಸು ಎದ್ದು ಕೇಳಿಸಿದರೂ ಉಳಿದ ಸ್ವರಗಳು ತಮ್ಮ ಮಾತ್ರೆಯನ್ನು ಕಳೆದುಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಉಚ್ಚಾರಾಂಶ ಉದ್ದವಾಗಿ, ಎತ್ತರದ ಧ್ವನಿಯಲ್ಲಿ, ಸ್ಪಷ್ಟ ಸ್ವರದೊಡನೆ ಬರುತ್ತದೆ. ಒತ್ತಿಲ್ಲದವು ಕುಗ್ಗಿ, ಅವುಗಳ ಸ್ವರ ಹೆಚ್ಚಾಗಿ ಷ್ವಾ ಎಂದು ಕರೆಯುವ ದುರ್ಬಲ ಧ್ವನಿಯಾಗುತ್ತದೆ. ಕನ್ನಡದ ಹ್ರಸ್ವ ಅಕಾರವನ್ನು ಬಾಯಿ ಹೆಚ್ಚು ತೆರೆಯದೆ ಅರೆಮನಸ್ಸಿನಿಂದ ಹೇಳಿದರೆ ಅದಕ್ಕೆ ಸಾಕಷ್ಟು ಹತ್ತಿರವಾಗುತ್ತದೆ.

ನಿಘಂಟಿನ ಉಚ್ಚಾರಣಾ ಲಿಪಿಯಲ್ಲಿ ಒತ್ತು ಬೀಳುವ ಉಚ್ಚಾರಾಂಶದ ಮುಂಚೆ ಮೇಲ್ಭಾಗದಲ್ಲಿ ಸಣ್ಣ ನೆಟ್ಟಗೆರೆ ಇರುತ್ತದೆ. ಅದೇ ಗುರುತನ್ನು ಬಳಸಿ ಬರೆದರೆ ˈಫೋ-ಟ-ಗ್ರಾಫ್, ಫ-ˈಟಾ-ಗ್ರ-ಫರ್, ಫೋ-ಟ-ˈಗ್ರ್ಯಾ-ಫಿಕ್. ಮೂಲ ಒಂದೇ ಆದರೂ ಒತ್ತು ಸರಿದಂತೆ ಸ್ವರಗಳೇ ಬದಲಾಗಿವೆ. ನಾವು ಮೊದಲ ಅಕ್ಷರದ ಮೇಲೆ ಭಾರ ಹಾಕಿ ಹೇಳುವ ‘ಡೆವಲಪ್’, ‘ಹೋಟೆಲ್’, ‘ಪೊಲೀಸ್’, ‘ಕಮಿಟಿ’ ಪದಗಳಲ್ಲಿ ಒತ್ತು ಎರಡನೆಯದರ ಮೇಲಿದೆ: ಡಿ-ˈವೆ-ಲಪ್, ಹೋ-ˈಟೆಲ್, ಪ-ˈಲೀಸ್, ಕ-ˈಮಿ-ಟಿ.

ಒತ್ತು ಎಲ್ಲಿ ಬೀಳುತ್ತದೆಂದು ಮೊದಲೇ ಊಹಿಸಲು ಕೆಲವು ನಂಬಬಹುದಾದ ಸೂತ್ರಗಳಿವೆ. ಶನ್ ಎಂದು ಮುಗಿಯುವ ಪದಗಳಲ್ಲಿ ಒತ್ತು ಅದರ ಹಿಂದಿನ ಉಚ್ಚಾರಾಂಶಕ್ಕೆ ಸಲ್ಲುತ್ತದೆ: ಎ-ಜು-ˈಕೇ-ಶನ್. ಇಕ್ ಎಂಬ ಅಂತ್ಯಕ್ಕೂ ಹೀಗೆಯೇ: ಎ-ಕ-ˈನಾ-ಮಿಕ್. ‘ಪಾಲಿಟಿಕ್ಸ್’, ‘ಅರೇಬಿಕ್’ ಇದಕ್ಕೆ ಅಪವಾದ. ಇಟಿ ಎಂದು ಮುಗಿದರೆ ಅದಕ್ಕೆ ನೇರ ಹಿಂದಿನದು: ಅ-ˈಬಿ-ಲಿ-ಟಿ. ಎರಡು ಉಚ್ಚಾರಾಂಶದ ಹಲವು ಪದಗಳು ನಾಮಪದವಾದಾಗ ಮೊದಲನೆಯದರ ಮೇಲೆ, ಕ್ರಿಯಾಪದವಾದಾಗ ಎರಡನೆಯದರ ಮೇಲೆ ಒತ್ತು ಪಡೆಯುತ್ತವೆ: ದಾಖಲೆ ಎಂಬರ್ಥದಲ್ಲಿ ˈರೆ-ಕಾರ್ಡ್, ದಾಖಲಿಸು ಎಂಬರ್ಥದಲ್ಲಿ ರಿ-ˈಕಾರ್ಡ್. ‘ಪರ್ಮಿಟ್’, ‘ಇಂಪೋರ್ಟ್’, ‘ಆಬ್ಜೆಕ್ಟ್’ ಪದಗಳೂ ಈ ಗುಂಪಿನವು.

ಒತ್ತು ಬಿದ್ದ ಉಚ್ಚಾರಾಂಶದ ಆರಂಭದಲ್ಲಿ ಪ, ಟ, ಕ ಒಂಟಿಯಾಗಿ ಬಂದರೆ ಅವುಗಳ ಬಳಿಕ ಉಸಿರಿನ ಒಂದು ಅಲೆ ಹೊರಡುತ್ತದೆ, ಅಂದರೆ ಅವು ಮಹಾಪ್ರಾಣದತ್ತ ವಾಲುತ್ತವೆ. ಸಕಾರದ ಬಳಿಕ ಬಂದರೆ ಅಲ್ಪಪ್ರಾಣವಾಗಿಯೇ ಉಳಿಯುತ್ತವೆ. ‘ಕೀ’ ಎಂಬುದು ಖೀಗೆ ಸಮೀಪ, ‘ಸ್ಕೀ’ಯಲ್ಲಿ ಶುದ್ಧ ಕಕಾರ. ‘ಪಿನ್’ ಎಂಬುದನ್ನು ಕನ್ನಡದ ಅಲ್ಪಪ್ರಾಣದಿಂದ ಹೇಳಿದರೆ ಇಂಗ್ಲಿಷ್ ಮನೆಮಾತಿನ ಕಿವಿಗೆ ‘ಬಿನ್’ ಎಂದು ಕೇಳಿಸುವ ಸಾಧ್ಯತೆಯಿದೆ. ಬಾಯಿಯ ಮುಂದೆ ತೆಳು ಕಾಗದವನ್ನು ಹಿಡಿದು ‘ಪಿನ್’ ಎಂದಾಗ ಅದು ಅಲುಗಬೇಕು, ‘ಸ್ಪಿನ್’ ಎಂದಾಗ ಅಲುಗಬಾರದು. ಮಹಾಪ್ರಾಣವನ್ನು ಬರವಣಿಗೆಗಷ್ಟೇ ಮೀಸಲಿಟ್ಟಿರುವ ನಮ್ಮಲ್ಲಿ ಅನೇಕರಿಗೆ ಇದು ಕನ್ನಡ ಉಚ್ಚಾರದ ಪಾಠವೂ ಆದೀತು.

ಹಂತ 7: ಪದಗಳನ್ನು ಸಂಧಿಯಂತೆ ಬೆಸೆಯಿರಿ

ಬಿಡಿಪದಗಳು ಸರಿಯಾದ ಮೇಲೆ ವಾಕ್ಯಕ್ಕೆ ಬರಬಹುದು. ವ್ಯಂಜನದಲ್ಲಿ ಮುಗಿದ ಪದದ ಮುಂದೆ ಸ್ವರ ಬಂದರೆ ಆ ವ್ಯಂಜನ ಮುಂದಕ್ಕೆ ಸರಿಯುತ್ತದೆ: ‘ಪಿಕ್ ಇಟ್ ಅಪ್’ ಎಂಬುದು ಪಿ-ಕಿ-ಟಪ್ ಆಗುತ್ತದೆ, ‘ಆ್ಯನ್ ಎಗ್’ ಎಂಬುದು ಅ-ನೆಗ್ ಆಗುತ್ತದೆ. ಯೆಗ್ ಎನ್ನುವ ಅಭ್ಯಾಸ ಬಿಡದವರಿಗೆ ಇದೇ ಒಳ್ಳೆಯ ಮದ್ದು, ಏಕೆಂದರೆ ಆರಂಭದ ಖಾಲಿ ಜಾಗವನ್ನು ನಕಾರ ತುಂಬಿದ ಮೇಲೆ ಯಕಾರ ಬರಲಾರದು.

ಸ್ವರಕ್ಕೆ ಸ್ವರ ಎದುರಾದಾಗ ನಡೆಯುವುದು ನಮ್ಮ ಆಗಮ ಸಂಧಿಯೇ. ‘ಮನೆ’ಗೆ ‘ಇಂದ’ ಸೇರಿದಾಗ ಯಕಾರ, ‘ಗುರು’ವಿಗೆ ‘ಅನ್ನು’ ಸೇರಿದಾಗ ವಕಾರ ಬರುವಂತೆ, ‘ಸೀ ಇಟ್’ ಎಂಬುದು ಸೀಯಿಟ್ ಎಂಬಂತೆ, ‘ಡೂ ಇಟ್’ ಎಂಬುದು ಡೂವಿಟ್ ಎಂಬಂತೆ ಕೇಳಿಸುತ್ತದೆ. ಇಲ್ಲಿ ಕನ್ನಡದ ಅಭ್ಯಾಸವನ್ನು ಧಾರಾಳವಾಗಿ ಬಳಸಬಹುದು. ವಕಾರಕ್ಕೆ ತುಟಿ ದುಂಡಾಗಿರಲಿ, ಹಲ್ಲಿಗೆ ತಾಗದಿರಲಿ.

ಹಂತ 8: ಅಭ್ಯಾಸದ ಕ್ರಮ

ಸಿದ್ಧ ಪದಪಟ್ಟಿಗಳಿಗಿಂತ ನಿಮ್ಮ ಕೆಲಸದಲ್ಲಿ ನಿತ್ಯ ಬರುವ ಪದಗಳ ಪಟ್ಟಿ ಹೆಚ್ಚು ಫಲ ಕೊಡುತ್ತದೆ. ಬ್ಯಾಂಕಿನಲ್ಲಿರುವವರಿಗೆ ‘ಡೆಪಾಸಿಟ್’, ‘ಇಂಟರೆಸ್ಟ್’, ‘ಅಕೌಂಟ್ಸ್’. ಆಸ್ಪತ್ರೆಯಲ್ಲಿರುವವರಿಗೆ ‘ಪೇಶಂಟ್ಸ್’, ‘ಟ್ಯಾಬ್ಲೆಟ್’, ‘ಡಿಸ್ಚಾರ್ಜ್’. ಪ್ರತಿ ಪದದ ಮುಂದೆ ಉಚ್ಚಾರಾಂಶಗಳ ಸಂಖ್ಯೆಯನ್ನೂ ಒತ್ತಿನ ಜಾಗವನ್ನೂ ನಿಘಂಟು ನೋಡಿ ಗುರುತಿಸಿ. ನಿಘಂಟಿನ ಧ್ವನಿಯನ್ನು ಕೇಳುವ ಮುಂಚೆ ನಿಮ್ಮ ಉಚ್ಚಾರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ; ಮೊದಲೇ ಕೇಳಿಬಿಟ್ಟರೆ ಆ ಕ್ಷಣದ ಅನುಕರಣೆ ಸರಿಯಾಗಿ ಬಂದು ನಿಮ್ಮ ನಿಜವಾದ ಅಭ್ಯಾಸ ಮರೆಯಾಗುತ್ತದೆ. ಎರಡನ್ನೂ ಹೋಲಿಸುವಾಗ ಮೊದಲು ಸಂಖ್ಯೆಯನ್ನು, ಆಮೇಲೆ ಕೊನೆಯ ವ್ಯಂಜನವನ್ನು, ಆಮೇಲೆ ಒತ್ತನ್ನು ನೋಡಿ. ಬಿಡಿ ಧ್ವನಿಗಳ ಸರದಿ ಕಡೆಯದು. ಪದ ಒಂಟಿಯಾಗಿ ಸರಿಬಂದ ಮೇಲೆ ಅದನ್ನು ವಾಕ್ಯದ ಕೊನೆಯಲ್ಲಿಟ್ಟು ಹೇಳಿ, ಏಕೆಂದರೆ ಉಕಾರ ಮರಳಿ ಬರುವುದು ಹೆಚ್ಚಾಗಿ ಅಲ್ಲಿಯೇ. ಅಲ್ಲಿಯೂ ಉಕಾರ ಬಾರದಿದ್ದರೆ ಪಟ್ಟಿಯಿಂದ ಆ ಪದವನ್ನು ಹೊಡೆದುಹಾಕಿ ಮುಂದಿನದಕ್ಕೆ ಹೋಗಬಹುದು.